ಮರಿ ಯಾವಾಗ ಬಿಡಿಸಬೇಕು, ಟಗರು ಎಲ್ಲಿರಬೇಕು?

ಹೆಸರಘಟ್ಟದ ಆಚೆ ನಮ್ಮದೊಂದು ಸಣ್ಣ ಮಂದೆ. 18 ಹೆಣ್ಣು ಕುರಿ, ಒಂದು ಟಗರು, ಎಲ್ಲ ಬನ್ನೂರು ತಳಿ. ಭಾನುವಾರ ಬೆಂಗಳೂರಿನಿಂದ ನೋಡಲು ಬರುವವರು ಕೇಳುವುದು ಇದನ್ನೇ: "ಮರಿಗಳನ್ನ ತಾಯಿಯಿಂದ ಯಾವಾಗ ಬಿಡಿಸ್ತೀರಾ? ಟಗರು ಮಂದೇಲೇ ಇದ್ರೆ ಏನಾಗುತ್ತೆ?"

ಏನಾಗುತ್ತದೆ ಎಂದು ನಾನು ಕಂಡಿದ್ದೇನೆ. ಬಕ್ರೀದ್‌ಗೆ ಒಳ್ಳೆ ಬೆಲೆ ಸಿಗುತ್ತದೆಂದು ಒಮ್ಮೆ ಎರಡು ಗಂಡು ಮರಿ ಉಳಿಸಿಕೊಂಡಿದ್ದೆ. ಆರು ತಿಂಗಳು ತುಂಬಿದರೂ ಅವು ತಾಯಿ, ತಂಗಿಯರ ಜೊತೆಗೇ ಇದ್ದವು. ಇನ್ನೂ ಮರಿಗಳಲ್ಲವೇ ಅಂದುಕೊಂಡೆ. ಜೊತೆಯಲ್ಲೇ ಹುಟ್ಟಿದ ಹೆಣ್ಣು ಮರಿಯೊಂದು ಗಬ್ಬವಾಯಿತು. ದಿನ ತುಂಬಿದಾಗ ಈಯಲಾರದೆ ರಾತ್ರಿಯಿಡೀ ಒದ್ದಾಡಿತು. ಡಾಕ್ಟರು ಬರುವಷ್ಟರಲ್ಲಿ ಹೊಟ್ಟೆಯಲ್ಲೇ ಮರಿ ಸತ್ತಿತ್ತು, ಬೆಳಕು ಹರಿಯುವ ಹೊತ್ತಿಗೆ ಅದೂ ಹೋಯಿತು. ಆ ಜೀವ ಹೋದದ್ದು ನನ್ನ ಸೋಮಾರಿತನದಿಂದ.

ನಾಲ್ಕೈದು ತಿಂಗಳಿಗೇ ಗಂಡು ಮರಿ ಹೆಣ್ಣನ್ನು ಹಾರಿ ಗಬ್ಬ ಮಾಡಬಲ್ಲದು. ಹಾಗಾಗಿ ಮೂರು ತಿಂಗಳಿಗೆ ಹಾಲು ಬಿಡಿಸಿ, ಅದೇ ದಿನ ಗಂಡು, ಹೆಣ್ಣು ಮರಿಗಳನ್ನು ಬೇರೆ ಬೇರೆ ದೊಡ್ಡಿಗೆ ಹಾಕುತ್ತೇನೆ. ಬೆನ್ನೆಲುಬು ಕೈಗೆ ಚುಚ್ಚುವ ಸೊರಗಿದ ಮರಿಯಿದ್ದರೆ ಎರಡು ವಾರ ಹೆಚ್ಚು ಬಿಡುತ್ತೇನೆ, ಗಂಡಾದರೂ ಸರಿ. ಅದಕ್ಕಿಂತ ಹೆಚ್ಚಿಲ್ಲ.

ಬಿಡಿಸುವ ತಯಾರಿ ಮರಿಗೆ ಮೂರು ವಾರ ಆದಾಗಲೇ ಶುರು. ತಾಯಿ ನುಗ್ಗಲಾಗದ, ಮರಿ ಮಾತ್ರ ನುಸುಳುವ ಗೂಡಿನಲ್ಲಿ ಮೆಕ್ಕೆಜೋಳದ ನುಚ್ಚು, ಕಡಲೆಕಾಯಿ ಹಿಂಡಿ, ಎಳೆ ಅಗಸೆ ಸೊಪ್ಪು ಇಡುತ್ತೇನೆ. ಮೇವು ತಿಂದು ಅರಗಿಸಲು ಕಲಿತ ಮರಿಗೆ ಹಾಲು ನಿಂತರೂ ಮೈ ಇಳಿಯುವುದಿಲ್ಲ. ಬಿಡಿಸುವ ದಿನ ಮರಿಗಳನ್ನು ಅಲ್ಲೇ ಬಿಟ್ಟು ತಾಯಂದಿರನ್ನು ದೂರ ಹೊಡೆದುಕೊಂಡು ಹೋಗುತ್ತೇನೆ. ಗೊತ್ತಿರುವ ಜಾಗ, ಗೊತ್ತಿರುವ ನೀರಿನ ತೊಟ್ಟಿ ಇದ್ದರೆ ಮರಿಗೆ ಅರ್ಧ ಧೈರ್ಯ. ಎರಡು ಮೂರು ದಿನ ಕೂಗಾಟ ಇದ್ದೇ ಇರುತ್ತದೆ. ಕರುಳು ಹಿಂಡುತ್ತದೆ, ಆದರೂ ಮತ್ತೆ ಸೇರಿಸಬೇಡಿ. ತಾಯಿಗೆ ಒಂದು ವಾರ ಮೊದಲೇ ಹಿಂಡಿ ನಿಲ್ಲಿಸಿ ಬರೀ ರಾಗಿ ಹುಲ್ಲು ಕೊಟ್ಟರೆ ಹಾಲು ತಾನಾಗಿ ಇಳಿದು ಕೆಚ್ಚಲು ಬಾವಿನ ಭಯ ಕಡಿಮೆ. ಕರುಳು ಬೇನೆಯ ಲಸಿಕೆ ಬಿಡಿಸುವ ಮುಂಚೆಯೇ ಆಗಿರಬೇಕು. ಇನ್ನೊಂದು ಮಾತು: ಹಸುವಿನ ಖನಿಜ ಮಿಶ್ರಣ ಕುರಿಗೆ ಹಾಕಬೇಡಿ, ಅದರಲ್ಲಿರುವ ತಾಮ್ರ ಕುರಿಗೆ ವಿಷವಾಗಬಹುದು.

ಇನ್ನು ಟಗರು. ನಮ್ಮದು ವರ್ಷದ ಬಹುಪಾಲು ಬೇರೆ ದೊಡ್ಡಿಯಲ್ಲಿರುತ್ತದೆ. ಒಂಟಿಯಾಗಿ ಕಟ್ಟಿದರೆ ಕೆರಳುತ್ತದೆ, ಅದಕ್ಕೇ ಬೀಜ ಒಡೆಸಿದ ಒಂದು ಗಂಡು ಕುರಿ ಜೊತೆಗಿದೆ. ಮುಂಗಾರಿನ ಹಸಿರು ತಿಂದು ಕುರಿಗಳು ಮೈ ಹಿಡಿದ ಮೇಲೆ, ಜೂನ್‌ನಲ್ಲಿ ಟಗರನ್ನು ಮಂದೆಗೆ ಬಿಡುತ್ತೇನೆ. ಎದೆಗೆ ಎಣ್ಣೆಯಲ್ಲಿ ಕಲಸಿದ ಕೆಮ್ಮಣ್ಣು ಬಳಿಯುತ್ತೇನೆ. ಯಾವ ಕುರಿಯ ಬೆನ್ನ ಮೇಲೆ ಕೆಂಪು ಮೂಡಿತೋ ಅದರ ದಿನಾಂಕ ಪುಸ್ತಕಕ್ಕೆ. ಬೆದೆ ಸುಮಾರು 17 ದಿನಕ್ಕೊಮ್ಮೆ ಬರುವುದರಿಂದ 51 ದಿನದಲ್ಲಿ ಮೂರು ಅವಕಾಶ ಸಿಗುತ್ತದೆ, ಆಮೇಲೆ ಟಗರು ಹೊರಗೆ. ಗಬ್ಬ ಹೆಚ್ಚುಕಡಿಮೆ 150 ದಿನ. ನವೆಂಬರ್‌ನಿಂದ ಮರಿ ಬೀಳಲು ಶುರುವಾಗುವ ಹೊತ್ತಿಗೆ ರಾಗಿ ಕೊಯ್ಲಾಗಿ ಹೊಲದ ಕೂಳೆ, ಹುಲ್ಲು ಕೈಗೆ ಸಿಗುತ್ತದೆ.

ಎರಡು ವರ್ಷವಾದ ಮೇಲೆ ಆ ಟಗರನ್ನು ಕೊಟ್ಟು ಬೇರೆ ಮಂದೆಯದನ್ನು ತರುತ್ತೇನೆ, ಇಲ್ಲದಿದ್ದರೆ ತನ್ನ ಮಕ್ಕಳನ್ನೇ ಹಾರುತ್ತದೆ.

ಬರುವವರಲ್ಲಿ ನನ್ನದೊಂದು ಕೋರಿಕೆ: ಟಗರಿನ ಹಣೆ ಉಜ್ಜಬೇಡಿ, ಮಕ್ಕಳಿಗೂ ಬಿಡಬೇಡಿ. ಅದು ಅದಕ್ಕೆ ಕಾಳಗದ ಕರೆ. ಗದ್ದದ ಕೆಳಗೆ ಕೆರೆಯಿರಿ, ಬೆನ್ನು ತಿರುಗಿಸದೆ ಹೊರಗೆ ಬನ್ನಿ.