ಅಯೋಮಿಯ ಐದು ಹಾಡು ಕೇಳುವವರಿಗೆ

ಟೋನಿ ಅಯೋಮಿಯ ಅತ್ಯುತ್ತಮ ಐದು ಹಾಡು ಯಾವುವು? ನಾನು ಗಿಟಾರ್ ಪಾಠ ಹೇಳುವವನು. ಪಾಠದ ಕೋಣೆಯ ಗೋಡೆಗೆ, ಅಯೋಮಿ ಗಿಟಾರ್ ನುಡಿಸಿದ ಇಂಗ್ಲೆಂಡಿನ ರಾಕ್ ತಂಡ ಬ್ಲ್ಯಾಕ್ ಸ್ಯಾಬತ್‌ನ ಚಿತ್ರ ಅಂಟಿಸಿದ ತಪ್ಪಿಗೆ, ಮಕ್ಕಳನ್ನು ಬಿಡಲು ಬರುವ ಅಪ್ಪಂದಿರೆಲ್ಲ ಇದನ್ನೇ ಕೇಳುತ್ತಾರೆ. ಇನ್ನು ಬಾಯಲ್ಲಿ ಹೇಳುವುದಿಲ್ಲ. ಓದಿಕೊಳ್ಳಿ.

ಕೇಳುವವರಲ್ಲಿ ಅರ್ಧ ಜನರಿಗೆ ಉತ್ತರ ಬೇಕಿರುವುದಿಲ್ಲ, ‘ಪ್ಯಾರನಾಯ್ಡ್’ ಎಂದು ನನ್ನ ಬಾಯಿಂದ ಹೊರಡಿಸಿದರೆ ಸಾಕು. ಹಾಡು ಕೆಟ್ಟದ್ದೇನಲ್ಲ. 1970ರಲ್ಲಿ ಎರಡನೆಯ ಆಲ್ಬಮ್ ತುಂಬಲು ಇನ್ನೂ ಕೆಲವು ನಿಮಿಷಗಳು ಬೇಕು ಎಂದಾಗ ಗಡಿಬಿಡಿಯಲ್ಲಿ ಹೊಸೆದದ್ದು ಅದು. ಹೊತ್ತಲ್ಲದ ಹೊತ್ತಿನಲ್ಲಿ ನೆಂಟರು ಬಂದರೆ ಕೆದಕುವ ಉಪ್ಪಿಟ್ಟಿನ ಹಾಗೆ. ರುಚಿಯಾಗಿಯೇ ಇದೆ, ಆದರೆ ಅಡುಗೆಯವನ ಕೈಗುಣವನ್ನು ಅದರಿಂದಲೇ ಅಳೆಯಬೇಡಿ.

ನನಗೆ ನಿಜವಾಗಿ ಸಿಟ್ಟು ಬಂದದ್ದು ಒಂದು ಮದುವೆಯ ಊಟದಲ್ಲಿ. ಪಕ್ಕದ ಎಲೆಯ ಹಿರಿಯರಿಗೆ ನನ್ನ ಕಸುಬು ಗೊತ್ತಾಯಿತು. ಅವರ ಮಗ ಇಡೀ ದಿನ ಸ್ಯಾಬತ್ ಹಾಡುಗಳನ್ನೇ ಕೇಳುತ್ತಾನಂತೆ. ಸಾರನ್ನ ಕಲಸುತ್ತ, “ಆ ಅಯೋಮಿ ಅನ್ನುವವನಿಗೆ ಬೆರಳೇ ಇಲ್ಲವಂತಲ್ಲ? ಪಾಪ, ಆದರೂ ನುಡಿಸಿದ್ದಾನೆ. ಅವನದು ಒಳ್ಳೆಯವು ಒಂದೈದು ಹಾಡು ಹೇಳಿ” ಎಂದರು.

ಪಾಪವಂತೆ! ಹೌದು, ಹದಿನೇಳನೆಯ ವಯಸ್ಸಿನಲ್ಲಿ, ಬರ್ಮಿಂಗ್‌ಹ್ಯಾಮಿನ ತಗಡಿನ ಕಾರ್ಖಾನೆಯಲ್ಲಿ, ಯಂತ್ರಕ್ಕೆ ಸಿಕ್ಕಿ ಬಲಗೈಯ ನಡುಬೆರಳು ಮತ್ತು ಉಂಗುರಬೆರಳುಗಳ ತುದಿ ಹೋದವು. ಅದು ಕೆಲಸದ ಕೊನೆಯ ದಿನ. ಮಧ್ಯಾಹ್ನ ಊಟಕ್ಕೆ ಬಂದವನು ಮತ್ತೆ ಹೋಗುವುದಿಲ್ಲವೆಂದರೂ ತಾಯಿ, ದಿನದ ಕೆಲಸ ಮುಗಿಸಿಯೇ ಬಾ ಎಂದು ಕಳಿಸಿದಳಂತೆ. ಅವನು ಎಡಚ. ಅಂದರೆ ತಂತಿ ಒತ್ತಬೇಕಾದದ್ದು ಆ ಬಲಗೈಯೇ. ಇಷ್ಟಕ್ಕೆ ‘ಪಾಪ’ ಎನ್ನಿ, ಬೇಡವೆನ್ನುವುದಿಲ್ಲ. ಅರವತ್ತು ವರ್ಷಗಳ ಸಂಗೀತಕ್ಕೂ ಅದೇ ‘ಪಾಪ’ವನ್ನು ಒಗ್ಗರಣೆ ಹಾಕಿದರೆ ಹೇಗೆ?

ಆಮೇಲೆ ಅವನು ಮಾಡಿದ್ದನ್ನು ನಾನೂ ಮಾಡಿ ನೋಡಿದ್ದೇನೆ. ಅವನು ಪಾತ್ರೆ ತೊಳೆಯುವ ದ್ರವದ ಪ್ಲಾಸ್ಟಿಕ್ ಬಾಟಲಿಯನ್ನು ಕರಗಿಸಿ ಉಂಡೆ ಕಟ್ಟಿ, ಕಾದ ಕಬ್ಬಿಣದಿಂದ ತೂತು ಕೊರೆದು, ಬೆರಳಿಗೆ ಕೂರುವಂತೆ ಉಜ್ಜಿ, ಮೇಲೆ ಹಳೆಯ ಜಾಕೆಟ್ಟಿನ ತೊಗಲು ಅಂಟಿಸಿಕೊಂಡ. ಕಾಲೇಜಿನ ದಿನಗಳಲ್ಲಿ ಶಾಂಪೂ ಬಾಟಲಿಯೊಂದನ್ನು ಇಕ್ಕಳದಲ್ಲಿ ಹಿಡಿದು ನಾನು ಗ್ಯಾಸ್ ಒಲೆಯ ಮುಂದೆ ನಿಂತೆ. ಕರಗಿದ್ದು ತೊಟ್ಟಿಕ್ಕಿ ಬಿದ್ದದ್ದು ಅಮ್ಮನ ಹಾಲಿನ ಪಾತ್ರೆಗೆ. ವಾಸನೆಗೆ ಪಕ್ಕದ ಮನೆಯವರು ಕಿಟಕಿ ಮುಚ್ಚಿಕೊಂಡರು. ಹೇಗೋ ಎರಡು ಟೋಪಿಗಳಾದವು, ಕಿತ್ತುಹೋದ ಚಪ್ಪಲಿಯ ಪಟ್ಟಿಯನ್ನು ಕತ್ತರಿಸಿ ಅಂಟಿಸಿದೆ. ಹಾಕಿಕೊಂಡು ತಂತಿ ಒತ್ತಿದರೆ ಬೆರಳಿಗೆ ತಂತಿಯೇ ಸಿಗಲಿಲ್ಲ. ಮೇಲಿದೆಯೋ ಕೆಳಗಿದೆಯೋ, ಒತ್ತಿದೆನೋ ಸವರಿದೆನೋ ತಿಳಿಯದು. ತಂತಿಯನ್ನು ಎಳೆಯಹೋದಾಗ ಟೋಪಿ ಹಾರಿ ಬೀರುವಿನ ಕೆಳಗೆ ಸೇರಿಕೊಂಡಿತು.

ನೀವು ಕೇಳಬೇಕಾದ ಪ್ರಶ್ನೆ ಅಲ್ಲಿತ್ತು, ಬೀರುವಿನ ಕೆಳಗೆ. ಬೆರಳಿಗೆ ತಂತಿ ತಿಳಿಯದವನು ನುಡಿಸುವುದು ಹೇಗೆ? ಇದನ್ನು ಒಬ್ಬರಾದರೂ ಕೇಳಿದ್ದರೆ ಕಾಫಿ ಕೊಡಿಸಿ ಹೇಳುತ್ತಿದ್ದೆ. ಸ್ಪರ್ಶ ಮಾಡಬೇಕಾದ ಕೆಲಸವನ್ನು ಅವನು ಕಿವಿಗೆ ಒಪ್ಪಿಸಿದ. ಉಳಿದ ಕೆಲಸವನ್ನು ತೋರುಬೆರಳಿಗೂ ಕಿರುಬೆರಳಿಗೂ ಹಂಚಿದ. ಸಪೂರ ತಂತಿಗಳ ಸೆಟ್ಟು ಆಗ ಅಂಗಡಿಯಲ್ಲಿ ಸಿಗುತ್ತಿರಲಿಲ್ಲ, ಬ್ಯಾಂಜೋ ತಂತಿ ತಂದು ಕಟ್ಟಿದ. 1971ರ ‘ಮಾಸ್ಟರ್ ಆಫ್ ರಿಯಾಲಿಟಿ’ಯ ಹಲವು ಹಾಡುಗಳಿಗೆ ಗಿಟಾರಿನ ಶ್ರುತಿಯನ್ನೇ ಮೂರು ಅರ್ಧಸ್ವರ ಇಳಿಸಿದ. ತಂತಿ ಸಡಿಲಾಯಿತು, ಬೆರಳಿಗೆ ನೋವು ತಗ್ಗಿತು, ನಾದ ನೆಲಕ್ಕಿಳಿಯಿತು. ಮುಂದೆ ಸಾವಿರಾರು ತಂಡಗಳು, ಹತ್ತೂ ಬೆರಳು ನೆಟ್ಟಗಿದ್ದವರು, ಇದೇ ಮಂದ್ರಕ್ಕಾಗಿ ತಂತಿ ಸಡಿಲಿಸಿಕೊಂಡು ಕುಳಿತರು. ಅವರಿಗೆ ಯಾರೂ ಪಾಪ ಎನ್ನುವುದಿಲ್ಲ.

ಸರಿ, ಹಾಡುಗಳು. ಮೊದಲ ಆಲ್ಬಮ್ಮಿನ ಮೊದಲ ಹಾಡು, ‘ಬ್ಲ್ಯಾಕ್ ಸ್ಯಾಬತ್’. ಮೂರೇ ಸ್ವರ: ಷಡ್ಜ, ಮೇಲಿನ ಷಡ್ಜ, ಅಲ್ಲಿಂದ ಇಳಿದು ಪ್ರತಿಮಧ್ಯಮ. ಕಲ್ಯಾಣಿಯಲ್ಲಿ ಬೆಳಗುವ ಪ್ರತಿಮಧ್ಯಮವೇ ಇದು. ಅಯೋಮಿ ಅದಕ್ಕೆ ಪಂಚಮದ ಆಸರೆ ಕೊಡದೆ ಕತ್ತಲಲ್ಲಿ ಒಂಟಿಯಾಗಿ ನಿಲ್ಲಿಸಿ ನಡುಗಿಸುತ್ತಾನೆ. ನನ್ನ ಸಂಗೀತದ ಮೇಷ್ಟರು ಕೇಳಿ, “ಅಪಶ್ರುತಿಯಿಲ್ಲ, ಆದರೂ ಭಯವಾಗುತ್ತದೆ” ಎಂದಿದ್ದರು. ಅದಕ್ಕಿಂತ ಒಳ್ಳೆಯ ವಿಮರ್ಶೆಯನ್ನು ನಾನು ಓದಿಲ್ಲ.

ಎರಡನೆಯದು ‘ಇನ್‌ಟು ದ ವಾಯ್ಡ್’. ಕಾರಣ ಕೇಳಬೇಡಿ, ಗಟ್ಟಿಯಾಗಿ ಹಾಕಿ ಕೇಳಿ. ಮೂರನೆಯದು 1975ರ ‘ಸಿಂಪ್ಟಮ್ ಆಫ್ ದ ಯೂನಿವರ್ಸ್’. ನಾಲ್ಕನೆಯದು 1980ರ ‘ಹೆವನ್ ಆ್ಯಂಡ್ ಹೆಲ್’. ಗಾಯಕ ಆಜಿ ಆಸ್ಬರ್ನ್ ತಂಡದಿಂದ ಹೊರಬಿದ್ದು ರಾನಿ ಜೇಮ್ಸ್ ಡಿಯೊ ಬಂದ ಮೇಲಿನದು. ಅದನ್ನು ಸ್ಯಾಬತ್ ಎಂದೇ ಒಪ್ಪದ ಆಜಿ ಭಕ್ತರು ನನಗೆ ಪತ್ರ ಬರೆಯುವ ಶ್ರಮ ತೆಗೆದುಕೊಳ್ಳಬೇಡಿ. ಐದನೆಯದು, ಸ್ವಲ್ಪ ಮೆತ್ತಗಿರುವುದನ್ನು ಹೇಳಿ ಎನ್ನುವವರಿಗಾಗಿ: 1972ರ ‘ಲಗೂನಾ ಸನ್‌ರೈಸ್’. ಮಾತಿಲ್ಲ, ಅಬ್ಬರವಿಲ್ಲ. ಅಕೂಸ್ಟಿಕ್ ಗಿಟಾರ್, ಹಿಂದೆ ಪಿಟೀಲುಗಳು. ಇದು ಅವನದೇ ಎಂದರೆ ಯಾರೂ ನಂಬುವುದಿಲ್ಲ.

ಮದುವೆಮನೆಯಲ್ಲಿ ಇಷ್ಟೆಲ್ಲ ಹೇಳಲಾಗಲಿಲ್ಲ, ಅಷ್ಟರಲ್ಲಿ ಪಾಯಸ ಬಂತು. ಹಿರಿಯರು ನಂಬರು ಕೊಟ್ಟು, ಒಂದಾದರೂ ಕಳಿಸಿ ಎಂದರು. ರಾತ್ರಿ ‘ಇನ್‌ಟು ದ ವಾಯ್ಡ್’ ಕಳಿಸಿದೆ. ಆ ಹಾಡಿನಲ್ಲಿ ಆಜಿ ಬಾಯಿ ತೆರೆಯುವ ಹೊತ್ತಿಗೆ ನಿಮಿಷದ ಮೇಲಾಗಿರುತ್ತದೆ, ಅಲ್ಲಿಯವರೆಗೆ ಬರೀ ಅಯೋಮಿ. ಬೆಳಿಗ್ಗೆ ಎದ್ದು ನೋಡಿದರೆ ಹಿರಿಯರ ಸಂದೇಶ ಬಂದಿತ್ತು:

“ನೀವು ಕಳಿಸಿದ್ದರಲ್ಲಿ ಹಾಡೇ ಶುರುವಾಗಲಿಲ್ಲ. ಇನ್ನೊಮ್ಮೆ ಕಳಿಸುತ್ತೀರಾ?”