ಬೆಳಿಗ್ಗೆ ಆಗುಂಬೆ, ದೀಪ ಇಡುವ ಹೊತ್ತಿಗೆ ಮನೆ

ಹಿಂದಿನ ರಾತ್ರಿಯೇ ಶೆಟ್ರ ಫೋನ್ ಬಂದಿತ್ತು. "ಭಟ್ರೇ, ನಾಳೆ ಮಳೆ ಬರುವ ಹಾಗೆ ಕಾಣುದಿಲ್ಲ. ಘಾಟಿ ಹತ್ತುವನಾ?" ನನಗೆ ಅಷ್ಟು ಸಾಕು. ಬೆಳಿಗ್ಗೆ ಐದೂವರೆಗೆ ಎದ್ದು ಟಾಯರಿನ ಗಾಳಿ ನೋಡಿ, ಪ್ಲಗ್ ಸ್ಪ್ಯಾನರ್, ಒಂದು ಹೆಚ್ಚಿನ ಪ್ಲಗ್, ಚೂರು ಸ್ಯಾಂಡ್ ಪೇಪರ್ ಬ್ಯಾಗಿಗೆ ತುಂಬಿಸಿದೆ. ಒಳಗಿನಿಂದ ಮನೆಯವಳ ಸ್ವರ: "ದೀಪ ಇಡುವ ಹೊತ್ತಿಗೆ ಬನ್ನಿ ಆಯ್ತಾ." ನಾನು ರಿಟೈರ್ ಆದ 2018ರಿಂದ ಇದೊಂದೇ ಕರಾರು. ಎಲ್ಲಿಗೆ ಬೇಕಾದರೂ ಹೋಗಬಹುದು, ರಾತ್ರಿ ಉಳಿಯುವ ಹಾಗಿಲ್ಲ. ಆದ್ದರಿಂದ ನನ್ನ ತಿರುಗಾಟವೆಲ್ಲ ಒಂದು ಹಗಲಿನದ್ದು.

ಗಾಡಿ ಯೆಜ್ಡಿ ರೋಡ್‌ಕಿಂಗ್ ಬೈಕು, 1984ರಲ್ಲಿ ತೆಗೆದುಕೊಂಡದ್ದು. ಅದನ್ನು ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿದ ಮೇಲೆ, ಎಲ್ಲಿ ಬಿಡಿಭಾಗ ಕಂಡರೂ ಎರಡೆರಡು ಕೊಳ್ಳುವುದು ಅಭ್ಯಾಸವಾಗಿದೆ. ಹೊಸಬರು ಬಂದು ನೋಡಿದರೆ ಕಿಕ್ಕರ್ ಎಲ್ಲಿ ಎಂದು ಬಲಗಡೆ ಹುಡುಕುತ್ತಾರೆ. ಎಡಗಡೆಯ ಗೇರ್ ಲಿವರನ್ನೇ ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್ಕರ್. ಮೊಮ್ಮಗ ಅದನ್ನು ಮಡಚಿ ಬಿಚ್ಚಿ ಆಡುತ್ತಾ ಅರ್ಧ ಗಂಟೆ ಕಳೆಯುತ್ತಾನೆ. ಪೇಟೆಯ ಒಂದು ಗ್ಯಾರೇಜಿನಲ್ಲಿ "ಇದನ್ನು ಗುಜರಿಗೆ ಹಾಕಿ ಸಾರ್" ಅಂದಿದ್ದರು. ಅವತ್ತಿನಿಂದ ಆ ಗ್ಯಾರೇಜಿನ ಮೆಟ್ಟಿಲು ಹತ್ತಿಲ್ಲ, ಕೈಲಾದ ಕೆಲಸ ನಾನೇ ಮಾಡುತ್ತೇನೆ.

ಮಣಿಪಾಲ, ಪರ್ಕಳ ದಾಟಿದ ಮೇಲೆ ರಸ್ತೆಗೆ ಜೀವ ಬರುತ್ತದೆ. ಪೆರ್ಡೂರಿನಲ್ಲಿ ಅನಂತಪದ್ಮನಾಭನಿಗೆ ಒಂದು ಕೈ ಮುಗಿಯದೆ ಮುಂದೆ ಹೋಗುವುದಿಲ್ಲ. 1986ರ ಸಿಂಹ ಸಂಕ್ರಮಣಕ್ಕೆ, ಹೊಸದಾಗಿ ಮದುವೆಯಾದವರೆಲ್ಲ ಇಲ್ಲಿಗೆ ಬರುವ ಪದ್ಧತಿಯಂತೆ, ಇದೇ ಗಾಡಿಯಲ್ಲಿ ನಾವಿಬ್ಬರೂ ಬಂದಿದ್ದೆವು. ಜಡಿಮಳೆ. ಹಿಂದಿನ ಸೀಟಿನಲ್ಲಿ ಅವಳು ಒಂದು ಬದಿಗೆ ಕಾಲು ಹಾಕಿ ಕೂತು, ಮಡಿಲಲ್ಲಿ ದೇವರ ಬಾಳೆಹಣ್ಣು, ತಲೆಯ ಮೇಲೆ ಕೊಡೆ. ಗಾಳಿ ಬೀಸಿ ಕೊಡೆ ಹಿಂದುಮುಂದಾಯಿತು. ಅವಳು ಕೊಡೆಯನ್ನು ಬಿಟ್ಟಳೇ ಹೊರತು ಬಾಳೆಹಣ್ಣು ಬಿಡಲಿಲ್ಲ. ಅಷ್ಟು ದೂರ ಹಾರಿದ ಕೊಡೆಯನ್ನು ಗದ್ದೆಯಲ್ಲಿ ನೇಜಿ ನೆಡುತ್ತಿದ್ದ ಹೆಂಗಸೊಬ್ಬರು ತಂದುಕೊಟ್ಟು, ಮದುಮಕ್ಕಳ ಮುಖ ನೋಡಿ ನಕ್ಕ ನಗು ಈಗಲೂ ಕಿವಿಯಲ್ಲಿ ಉಂಟು.

ಹೆಬ್ರಿಯಲ್ಲಿ ಚಾ, ಬನ್ಸ್. ಶೆಟ್ರಿಗೆ ಎರಡು ಬನ್ಸ್, ನನಗೆ ಒಂದು.

ಹೆಬ್ರಿ ಕಡೆಯ ಒಂದು ಬ್ಯಾಂಕ್ ಶಾಖೆಯಲ್ಲಿ ಮೂರು ವರ್ಷ ಕೃಷಿ ಸಾಲದ ಕೆಲಸ ಮಾಡಿದ್ದೆ. ಸಾಲ ಕೊಟ್ಟ ಪಂಪ್‌ಸೆಟ್ ಬಾವಿಯ ಹತ್ತಿರ ಉಂಟೋ ಇಲ್ಲವೋ, ಅಡಿಕೆ ಸಸಿ ಬದುಕಿದೆಯೋ ಎಂದು ತೋಟ ತೋಟ ಸುತ್ತಿ ವರದಿ ಬರೆಯಬೇಕಿತ್ತು. ಎಲ್ಲರ ಮನೆಯಲ್ಲೂ ಬೆಲ್ಲ, ನೀರು. ಕೆಲವರ ಮನೆಯಲ್ಲಿ ಊಟ ಮಾಡದೆ ಎಬ್ಬಿಸುತ್ತಿರಲಿಲ್ಲ. ನಮ್ಮ ಶಾಖೆಯ ವ್ಯಾಪ್ತಿ ಸೋಮೇಶ್ವರಕ್ಕೆ ಮುಗಿಯುತ್ತಿತ್ತು. ಅಲ್ಲಿಂದ ಘಾಟಿ ಹತ್ತಿದರೆ ಆಗುಂಬೆ, ಶಿವಮೊಗ್ಗ ಜಿಲ್ಲೆ, ಬೇರೆಯವರ ಲೆಕ್ಕ. ಹಾಗಾಗಿ ಆ ಮೂರು ವರ್ಷವೂ ಘಾಟಿಯ ಬುಡದವರೆಗೆ ಹೋಗಿ, ತಲೆ ಎತ್ತಿ ಮೋಡ ನೋಡಿ, ಗಾಡಿ ತಿರುಗಿಸಿದ್ದೇನೆ. ಶಾಖೆಗೆ ವಾಪಸಾಗುವ ಗಡಿಬಿಡಿ. ಮೇಲಿನಿಂದ ಇಳಿದು ಬರುವ ಮಿನಿ ಬಸ್ಸಿನ ಗಾಜಿನ ಮೇಲೆ ನೀರ ಹನಿ ಕಂಡು, ಕೆಳಗೆ ಬಿಸಿಲಿದ್ದರೂ ಮೇಲೆ ಮಳೆಯುಂಟು ಎಂದು ತಿಳಿಯುತ್ತಿದ್ದೆ. ಈಗ ಸೋಮೇಶ್ವರದಲ್ಲಿ ಗಾಡಿ ತಿರುಗಿಸದೆ ಮುಂದಕ್ಕೆ ಹೋಗುವಾಗ ಪ್ರತಿ ಸಲವೂ ಎದೆಯೊಳಗೆ ಒಂದು ಸಣ್ಣ ಖುಷಿ ಏಳುತ್ತದೆ.

ಘಾಟಿಗೆ 14 ತಿರುವು. ಹತ್ತುವುದು ಕಷ್ಟವೇ ಅಲ್ಲ, ಎರಡನೇ ಗೇರಿನಲ್ಲಿ ಗಾಡಿ ತಾನಾಗಿ ಹಾಡುತ್ತಾ ಹೋಗುತ್ತದೆ. ಒಮ್ಮೆ ಮಾತ್ರ ಅರ್ಧದಲ್ಲಿ ನಿಂತಿತ್ತು. ಪೆಟ್ರೋಲಿಗೆ ಎಣ್ಣೆ ಬೆರೆಸುವಾಗ ನಾನು ಕೈ ಜಾಸ್ತಿ ಮಾಡಿದ್ದೆ. ಮಂಜು ಎಷ್ಟು ದಟ್ಟವೆಂದರೆ ಪಕ್ಕದ ತಡೆಗೋಡೆ ಕಾಣದು. ಬಿಸಿ ಪ್ಲಗ್ಗನ್ನು ಕರವಸ್ತ್ರದಲ್ಲಿ ಹಿಡಿದು ಬಿಚ್ಚಿದರೆ ತುದಿಯಲ್ಲಿ ಹಸಿಹಸಿ ಕಪ್ಪು ಎಣ್ಣೆಮಸಿ. ಸ್ಯಾಂಡ್ ಪೇಪರಿನಲ್ಲಿ ತಿಕ್ಕಿ, ಬಾಯಿಂದ ಊದಿ, ಪುನಃ ಹಾಕಿ ಒದ್ದೆ. ಮೂರನೇ ಒದೆತಕ್ಕೆ ಹಿಡಿಯಿತು. ಆ ಶಬ್ದಕ್ಕೆ ಮರದ ಮೇಲಿದ್ದ ಮಂಗಗಳ ಹಿಂಡೇ ಎದ್ದು ಓಡಿತು.

ಇಳಿಯುವುದರಲ್ಲಿ ಎಚ್ಚರ ಬೇಕು. ಟೂ ಸ್ಟ್ರೋಕ್ ಗಾಡಿಗೆ ಎಣ್ಣೆ ಹೋಗುವುದು ಪೆಟ್ರೋಲಿನ ಜೊತೆಗೇ. ಆಕ್ಸಿಲರೇಟರ್ ಪೂರ್ತಿ ಬಿಟ್ಟು ಉದ್ದಕ್ಕೆ ಇಳಿದರೆ ಪೆಟ್ರೋಲೂ ಇಲ್ಲ, ಎಣ್ಣೆಯೂ ಇಲ್ಲ. ಪಿಸ್ಟನ್ ಒಣಗಿ ಜಾಮ್ ಆಗುವ ಅಪಾಯ. ಅದಕ್ಕೆ ನಡುನಡುವೆ ಕ್ಲಚ್ ಹಿಡಿದು ಒಂದೆರಡು ಸಲ ಕೈ ತಿರುಗಿಸುತ್ತಿರಬೇಕು. ಶೆಟ್ರು ಬುಲೆಟ್ಟಿನವರು, ಅವರಿಗೆ ಈ ರಗಳೆ ಇಲ್ಲ.

"ನಿಮ್ಮ ಗಾಡಿ ಇಳಿಯುವಾಗ ಎಂತಕ್ಕೆ ಹಾಗೆ ಕೂಗುದು ಮಾರಾಯ್ರೆ?"

"ಬಾಯಾರಿಕೆ ಶೆಟ್ರೇ, ಎಣ್ಣೆ ಕುಡಿಸ್ತಾ ಇದ್ದೇನೆ."

ಆಗುಂಬೆಯಲ್ಲಿ ಸೂರ್ಯಾಸ್ತ ನೋಡಬೇಕೆಂದು ಎಲ್ಲರೂ ಸಂಜೆ ಬರುತ್ತಾರೆ. ನಮ್ಮ ಕರಾರಿಗೆ ಅದು ಹೊಂದುವುದಿಲ್ಲ. ಆದರೆ ನನ್ನ ಮಟ್ಟಿಗೆ ಬೆಳಿಗ್ಗೆ ಒಂಬತ್ತರ ಹೊತ್ತೇ ಚಂದ. ಜನ ಇಲ್ಲ. ಕೆಳಗೆ ಕಾಡು, ಅದರಾಚೆ ನಾನು ಸುತ್ತಿದ ಊರುಗಳು, ಎಲ್ಲ ಒಂದೇ ಹಸಿರು. ಯಾರ ತೋಟ ಎಲ್ಲಿ ಎಂದು ಬೆರಳು ಮಾಡಿ ಶೆಟ್ರಿಗೆ ತೋರಿಸಲು ಹೋದೆ, ಯಾವುದೂ ಬೇರೆಯಾಗಿ ಕಾಣಲಿಲ್ಲ. ಪೇಟೆಯಲ್ಲಿ ಒಂದೊಂದು ಲೋಟ ಬಿಸಿ ಕಷಾಯ ಕುಡಿದು ಇಳಿದೆವು.

ವಾಪಸು ಹೆಬ್ರಿಯಿಂದ ಕಾರ್ಕಳದ ದಾರಿ ಹಿಡಿದು ವರಂಗದಲ್ಲಿ ನಿಂತೆವು. ಕೆರೆಯ ನಡುವೆ ಬಸದಿ, ದೋಣಿಯಲ್ಲೇ ಹೋಗಬೇಕು. ಮಧ್ಯಾಹ್ನದಲ್ಲಿ ಹುಟ್ಟಿನ ಸಪ್ಪಳ ಬಿಟ್ಟರೆ ಬೇರೇನೂ ಕೇಳದು. ಆಮೇಲೆ ಕಾರ್ಕಳ, ಬೈಲೂರು, ಹಿರಿಯಡ್ಕ. ಮನೆ ಸೇರುವಾಗ ಐದು ಮುಕ್ಕಾಲು. ತುಳಸಿಕಟ್ಟೆಯಲ್ಲಿ ದೀಪ ಇನ್ನೂ ಇಟ್ಟಿರಲಿಲ್ಲ.

ಮರುವಾರ ಒಬ್ಬನೇ ಮಲ್ಪೆ, ಕೆಮ್ಮಣ್ಣು, ಹೂಡೆ ದಾಟಿ ಕೋಡಿ ಬೆಂಗ್ರೆಗೆ ಹೋದೆ. ಒಂದು ಬದಿ ಕಡಲು, ಇನ್ನೊಂದು ಬದಿ ಹೊಳೆ, ನಡುವೆ ಬೆನ್ನೆಲುಬಿನ ಹಾಗೆ ರಸ್ತೆ. ರಸ್ತೆ ಮುಗಿದಲ್ಲಿ ಹಂಗಾರಕಟ್ಟೆಗೆ ದಾಟಿಸುವ ಬಾರ್ಜ್. ಗಾಡಿ ಹತ್ತಿಸಿ ಗೇರಿಗೆ ಹಾಕಿ, ಹ್ಯಾಂಡಲ್ ಹಿಡಿದು ನಿಂತೆ. ಸುವರ್ಣೆ, ಸೀತೆ ಎರಡೂ ಸೇರಿ ಕಡಲಿಗೆ ಬೀಳುವುದು ಇಲ್ಲಿಯೇ. ಹೋದ ವಾರ ಸೋಮೇಶ್ವರದ ಹತ್ತಿರ ಇಳಿದು ಮುಖ ತೊಳೆದದ್ದು ಇದೇ ಸೀತಾನದಿಯಲ್ಲಿ. ಅಲ್ಲಿ ಕಲ್ಲಿನ ಮೇಲೆ ಮೊಣಕಾಲು ಮುಳುಗುವಷ್ಟಿದ್ದದ್ದು ಇಲ್ಲಿ ಈ ದಡದಿಂದ ಆ ದಡಕ್ಕೆ ಅಷ್ಟಗಲ. ನೀರು ಸ್ವಲ್ಪ ಕೈಗೆ ಸಿಕ್ಕಿದರೆ ನೋಡುವಾ ಎಂದು ಬಗ್ಗಿದೆ.

"ಬಗ್ಗಬೇಡಿ ಅಜ್ಜ, ಗಾಡಿ ಹಿಡ್ಕೊಳ್ಳಿ" ಅಂದ ಬಾರ್ಜಿನ ಹುಡುಗ. ತಾನೇ ಒಂದು ಬೊಗಸೆ ಎತ್ತಿ ನನ್ನ ಅಂಗೈಗೆ ಸುರಿದ. ನಾಲಿಗೆಗೆ ಮುಟ್ಟಿಸಿದೆ. ಉಪ್ಪಾಗಿತ್ತು.