ಭೇಟಿಯ ಲೆಕ್ಕ ಬೇರೆ, ಬದಲಾವಣೆಯ ಲೆಕ್ಕ ಬೇರೆ

ಎಂಎಸ್‌ಡಬ್ಲ್ಯೂ (ಸಮಾಜಕಾರ್ಯ ಸ್ನಾತಕೋತ್ತರ ಪದವಿ) ವಿದ್ಯಾರ್ಥಿಗಳ ಕ್ಷೇತ್ರಕಾರ್ಯದ ವರದಿಗಳಲ್ಲಿ ಒಂದು ಸಾಲು ತಪ್ಪದೆ ಬರುತ್ತದೆ: ‘7 ಮನೆ ಭೇಟಿ, 4 ಆಪ್ತಸಮಾಲೋಚನೆ, ಸೇವಾರ್ಥಿಯಲ್ಲಿ ಉತ್ತಮ ಬದಲಾವಣೆ ಕಂಡುಬಂದಿದೆ.’ ಭೇಟಿ ಮಾಡಿದ್ದು ವಿದ್ಯಾರ್ಥಿ. ಸೇವಾರ್ಥಿಗೆ, ಅಂದರೆ ನೆರವು ಪಡೆಯುವವರಿಗೆ, ಏನಾಯಿತು ಅನ್ನುವುದು ಮಾತ್ರ ಆ ಸಾಲಿನಲ್ಲಿಲ್ಲ. ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ‘ಎಷ್ಟು ಬದಲಾವಣೆ, ಯಾವಾಗಿನಿಂದ?’ ಅಂತ ಕೇಳಿದರೆ ಪುಟ ತಿರುವುವುದೇ ಗತಿ.

ಮಂಡ್ಯ ಕಡೆಯ ಶಾಲೆಯೊಂದರಲ್ಲಿ ಎಂಟನೇ ತರಗತಿಯ ಹುಡುಗ ಪದೇ ಪದೇ ಗೈರು ಅಂತ ಇಟ್ಟುಕೊಳ್ಳಿ. ಮೊದಲ ದಿನವೇ ಬುದ್ಧಿ ಹೇಳೋಕೆ ಕೂರಬೇಡಿ. ಹಾಜರಿ ಪುಸ್ತಕ ತೆಗೆಸಿ, ಹಿಂದಿನ ನಾಲ್ಕು ವಾರದ್ದನ್ನು ಬರೆದುಕೊಳ್ಳಿ: ವಾರದ 6 ದಿನದಲ್ಲಿ ಹಾಜರಾದದ್ದು 3, 2, 3, 3. ಇದೇ ಬೇಸ್‌ಲೈನ್, ಅಂದರೆ ಕೆಲಸ ಶುರುವಾಗುವ ಮುಂಚಿನ ಸ್ಥಿತಿಯ ಅಳತೆ. ಹಳೇ ದಾಖಲೆಯಿಂದ ಸಿಗುವುದರಿಂದ ಅಳತೆಗೋಸ್ಕರ ಹುಡುಗನನ್ನು ಕಾಯಿಸಬೇಕಿಲ್ಲ. ಗ್ರಾಫ್ ಹಾಳೆಯಲ್ಲಿ ಅಡ್ಡಕ್ಕೆ ವಾರ, ಉದ್ದಕ್ಕೆ ಹಾಜರಾದ ದಿನ. ಕೆಲಸ ಶುರುವಾದ ಕಡೆ ಒಂದು ಚುಕ್ಕೆಗೆರೆ. ಅದರ ಎಡಕ್ಕೆ ‘ಎ’ ಹಂತ, ಬಲಕ್ಕೆ ‘ಬಿ’. ಸಾಫ್ಟ್‌ವೇರ್ ಏನೂ ಬೇಡ.

ಎಡವುವುದು ಬೇರೆ ಕಡೆ. ಹಾಜರಿಯನ್ನು ಬೆಳಿಗ್ಗೆ ಮಾತ್ರ ಹಾಕುವ ಶಾಲೆಯಾದರೆ, ಬಿಸಿಯೂಟ ಮುಗಿಸಿ ಆಲೆಮನೆ ಕಡೆ ಹೋದವನೂ ಪುಸ್ತಕದಲ್ಲಿ ಹಾಜರೇ. ಅದಕ್ಕೇ ಮಧ್ಯಾಹ್ನದ ಪಾಠ ತೆಗೆದುಕೊಳ್ಳುವ ಮೇಷ್ಟ್ರನ್ನೂ ಕೇಳಿ, ಅದನ್ನು ಬೇರೆ ಸಾಲಿನಲ್ಲಿ ಬರೆಯಿರಿ. ದಸರಾ ರಜೆಯ ಅಂಚಿನಲ್ಲಿ ಎರಡೇ ದಿನ ಶಾಲೆ ನಡೆದ ವಾರವನ್ನು ಶೇಕಡಾಕ್ಕೆ ಇಳಿಸಿದರೆ 0, 50 ಅಥವಾ 100 ಬಿಟ್ಟು ಬೇರೇನೂ ಬರಲ್ಲ. ಆ ವಾರವನ್ನು ಖಾಲಿ ಬಿಟ್ಟು ಕಾರಣ ಬರೆಯುವುದು ವಾಸಿ. ಇನ್ನೊಂದು, ಯಾರನ್ನೇ ಆದರೂ ನಮ್ಮ ಹತ್ತಿರ ಕಳಿಸುವುದು ಪರಿಸ್ಥಿತಿ ತೀರಾ ಕೆಟ್ಟಾಗ. ಕೆಟ್ಟ ವಾರದ ಮುಂದಿನ ವಾರ ಸುಮ್ಮನಿದ್ದರೂ ಸಾಮಾನ್ಯವಾಗಿ ಒಂದಿಷ್ಟು ಸುಧಾರಿಸುತ್ತದೆ. ಬೇಸ್‌ಲೈನ್‌ನಲ್ಲಿ ಒಂದೇ ಚುಕ್ಕೆ ಇದ್ದರೆ ಆ ಸುಧಾರಣೆಯೆಲ್ಲ ನಿಮ್ಮ ಖಾತೆಗೆ ಬೀಳುತ್ತದೆ. ಕನಿಷ್ಠ ಮೂರು ಚುಕ್ಕೆ ಬೇಕು ಅನ್ನುವುದು ಇದಕ್ಕೇ.

ಕುಡಿತದ ಕೇಸಿನಲ್ಲಿ ‘ಈಗ ಕಮ್ಮಿ ಮಾಡಿದೀನಿ ಮೇಡಂ’ ಅನ್ನುವುದು ಅಳತೆಯಲ್ಲ. ವಾರದಲ್ಲಿ ಎಷ್ಟು ದಿನ, ದಿನಕ್ಕೆ 90 ಎಂ.ಎಲ್.ನ ಎಷ್ಟು ಪ್ಯಾಕೆಟ್ ಅಂತ ಕೇಳಿ. ಅವರು ಒಪ್ಪಿದರೆ ಹೆಂಡತಿಯನ್ನೂ ಬೇರೆಯಾಗಿ ಕೇಳಿ. ಎರಡು ಲೆಕ್ಕ ತಾಳೆಯಾಗದಿದ್ದರೆ ಸರಾಸರಿ ಹಾಕಬೇಡಿ, ಎರಡನ್ನೂ ಹಾಗೇ ಬರೆಯಿರಿ. ಕಬ್ಬು ಕಡಿಯುವವರಲ್ಲಿ ಬಟವಾಡೆ ದಿನ ಯಾವುದು ಅಂತ ತಿಳಿದುಕೊಳ್ಳದೆ ವಾರದ ಲೆಕ್ಕ ಓದಬೇಡಿ.

ಖಿನ್ನತೆ ಅಳೆಯಲು ಪಿಎಚ್‌ಕ್ಯೂ-9 ಅನ್ನುವ ಪ್ರಶ್ನಾವಳಿ ಇದೆ: 9 ಪ್ರಶ್ನೆ, ಒಂದೊಂದಕ್ಕೂ 0ಯಿಂದ 3, ಒಟ್ಟು 27. ಕೇಳುವುದು ಕಳೆದ ಎರಡು ವಾರದ್ದು, ಹಾಗಾಗಿ ಪ್ರತಿ ಭೇಟಿಗೂ ತುಂಬಿಸಿದರೆ ಅದೇ ದಿನಗಳನ್ನು ಎರಡೆರಡು ಸಲ ಎಣಿಸಿದಂತೆ. 14 ಇದ್ದದ್ದು 12 ಆದರೆ ಕುಣಿದಾಡುವಂಥದ್ದೇನಿಲ್ಲ. 5 ಅಂಕದಷ್ಟು ಇಳಿದರೆ ಹೆಸರಿಸಬಹುದಾದ ಬದಲಾವಣೆ. ಪ್ರಶ್ನೆಗಳನ್ನು ಒಂದು ಸಲ ನೀವು ಓದಿ ಹೇಳಿ, ಇನ್ನೊಂದು ಸಲ ಅವರೇ ತುಂಬಿದರೆ ಎರಡನ್ನೂ ಹೋಲಿಸಲು ಬರಲ್ಲ. ಒಂಬತ್ತನೇ ಪ್ರಶ್ನೆ ಸಾಯುವ ಯೋಚನೆಯದ್ದು. ಅಲ್ಲಿ 0 ಬಿಟ್ಟು ಏನೇ ಬಂದರೂ ಗ್ರಾಫ್ ಬದಿಗಿಟ್ಟು, ಅವರನ್ನು ಒಂಟಿಯಾಗಿ ಬಿಡದೆ, ಅಲ್ಲಿಂದಲೇ ಮೇಲ್ವಿಚಾರಕರಿಗೆ ಫೋನ್ ಮಾಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416 ಸಂಖ್ಯೆಯನ್ನು ಮನೆಯವರಿಗೂ ಬರೆದುಕೊಡಿ.

ಎಣಿಕೆಗೆ ಸಿಗದ ಗುರಿಗಳಿಗೆ ಗುರಿ ಸಾಧನಾ ಮಾಪಕ: -2ರಿಂದ +2ರವರೆಗೆ ಐದು ಮೆಟ್ಟಿಲು, 0 ಅಂದರೆ ನಿರೀಕ್ಷಿಸಿದಷ್ಟು. ಸಂಘದ ಸಭೆಯಲ್ಲಿ ಬಾಯೇ ಬಿಡದ ಹೆಂಗಸಿಗೆ ‘ಎರಡು ಸಭೆಗೆ ಒಮ್ಮೆಯಾದರೂ ತಾನಾಗಿ ಮಾತಾಡುವುದು’ 0 ಇರಬಹುದು. ಐದೂ ಮೆಟ್ಟಿಲನ್ನು ಕೆಲಸ ಶುರುವಾಗುವ ಮುಂಚೆ, ಆಕೆಯ ಜೊತೆ ಕೂತು ಬರೆದು ತಾರೀಖು ಹಾಕಿ. ಕೊನೇ ವಾರದಲ್ಲಿ ಬರೆದ ಮಾಪಕದಲ್ಲಿ ಎಲ್ಲರಿಗೂ +1 ಬಂದಿರುತ್ತದೆ!

ಗ್ರಾಫ್ ಏರಿದರೂ ‘ನನ್ನ ಸಮಾಲೋಚನೆಯಿಂದಲೇ’ ಅಂತ ಬರೆಯಬೇಡಿ. ಅದೇ ತಿಂಗಳು ಹುಡುಗನ ಅಪ್ಪನಿಗೆ ಕಬ್ಬಿನ ದುಡ್ಡು ಬಂದಿರಬಹುದು, ಬಸ್ಸಿನ ಸಮಯ ಬದಲಾಗಿರಬಹುದು. ಗ್ರಾಫಿನ ಕೆಳಗೆ ‘ಈ ಅವಧಿಯಲ್ಲಿ ನಡೆದ ಇತರೆ ಸಂಗತಿಗಳು’ ಅಂತ ನಾಲ್ಕು ಸಾಲು ಜಾಗ ಬಿಟ್ಟುಕೊಂಡು, ವಾರವಾರವೂ ತುಂಬುತ್ತಾ ಹೋಗಿ.